ಹದಿನಾಲ್ಕು ಮೋಟರು, ಒಂದು ಬೆನ್ನು

ಬೆಳಗಿನ ಐದೂಮುಕ್ಕಾಲು. ಕಬ್ಬಿನ ಗದ್ದೆಯ ಮೂಲೆಯಲ್ಲಿ, ಬೋರ್‌ವೆಲ್ಲಿನ ಪಕ್ಕದ ಕಲ್ಲುಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆಯ ಮುಂದೆ ಚಿಕ್ಕಮಾದು ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಲ್ಲಿನ ನಡುವೆ ಬೆರಳುದ್ದದ ಟಾರ್ಚು. ಮುಚ್ಚಳದ ಸ್ಕ್ರೂ ಬಿಚ್ಚುವ ಮೊದಲು ಅವರು ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಎರಡೂ ಅಂಗೈಗಳನ್ನು ಹಿಂದೆ ನಿಂತ ಮಾಲೀಕರಿಗೆ ತೋರಿಸುತ್ತಾರೆ. ಏನೂ ಇಲ್ಲ. ಜಾದೂಗಾರ ಹೀಗೆ ಮಾಡಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಮೂವತ್ತನಾಲ್ಕರ ರೈತ ಯತೀಶ್ ಬಗ್ಗಿ, ಉಗುರಿನ ಸಂದಿಯವರೆಗೂ ನೋಡುತ್ತಾರೆ.

ಪೆಟ್ಟಿಗೆಯೊಳಗೆ ಒಂದು ಹಸಿರು ಹಲಗೆ. ಅದರ ಮೇಲೆ ಸಾಲಾಗಿ ಎಂಟು ಸ್ವಿಚ್ಚು, ಒಂದೊಂದೂ ಅಕ್ಕಿಕಾಳಿನಷ್ಟು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ಆ ಮೋಟರಿನ ಗುಟ್ಟು. ಮನೆಯಲ್ಲಿರುವ ರಿಮೋಟಿನ ಹೊಟ್ಟೆಯಲ್ಲೂ ಇಂಥವೇ ಎಂಟು ಸ್ವಿಚ್ಚಿವೆ. ಎರಡೂ ಕಡೆ ಜೋಡಣೆ ಒಂದೇ ಆಗಿದ್ದರೆ ಮಾತ್ರ ಗುಂಡಿ ಒತ್ತಿದಾಗ ಮೋಟರು ಓಡುತ್ತದೆ.

"ಆಯ್ತು ಮಾದಣ್ಣ, ಒಸಿ ಆ ಕಡೆ ತಿರಿಕ್ಕೊ" ಎನ್ನುತ್ತಾರೆ ಯತೀಶ್.

ಚಿಕ್ಕಮಾದು ಎದ್ದು ತೆಂಗಿನಮರದ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಯತೀಶ್ ಟವೆಲನ್ನು ತಲೆಯಿಂದ ಪೆಟ್ಟಿಗೆಯವರೆಗೂ ಇಳಿಬಿಟ್ಟುಕೊಂಡು, ಅದರೊಳಗೆ ಬೆಂಕಿಕಡ್ಡಿಯ ತುದಿಯಿಂದ ತಮ್ಮ ಗುಟ್ಟು ಜೋಡಿಸುತ್ತಾರೆ. ಈ ಯಂತ್ರವನ್ನು ಬೆಸುಗೆ ಹಾಕಿ ಕೂಡಿಸಿದವನು ಬೆನ್ನು ತಿರುಗಿಸಿ ನಿಂತಿದ್ದಾನೆ. ಅದನ್ನು ಬಿಚ್ಚಲೂ ಬಾರದವರು ಅದಕ್ಕೆ ಬೀಗ ಹಾಕುತ್ತಿದ್ದಾರೆ.

ಇದು ಮಾರ್ಚ್ ತಿಂಗಳ ಮಾತು. ಮೇ ತಿಂಗಳ ಹೊತ್ತಿಗೆ ಇದೇ ಊರು ಚಿಕ್ಕಮಾದುವನ್ನು ನೀರುಗಳ್ಳ ಎಂದು ಕರೆದಿತ್ತು.

ಊರಿನ ಹೆಸರು ಇಲ್ಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ತಿಳಿದರೆ ಸಾಕು. ಹೆಸರು ಬೇಡವೆಂದವರು ಚಿಕ್ಕಮಾದು ಅವರ ಹೆಂಡತಿ ನಾಗಮಣಿ. "ನೀವು ಬರ್ದು ಓಯ್ತೀರಿ. ಪೇಪರ್ ಇಡ್ಕಂಡು ನಮ್ಮನೆ ಬಾಗ್ಲಿಗೆ ಬರೋರ್ಗೆ ನಾನ್ ಉತ್ರ ಕೊಡ್ಬೇಕು ಕಣಪ್ಪ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಚಿಕ್ಕಮಾದು ಅವರಿಗೀಗ ಐವತ್ತೊಂಬತ್ತು. ಮದ್ದೂರು ಪೇಟೆಯಲ್ಲಿ ಒಂದು ಬಾಗಿಲಿನ ಅಂಗಡಿ. ಬೋರ್ಡಿಲ್ಲ. ಒಳಗೆ ಒಂದು ಬೆಂಚು, ಬೆಸುಗೆ ಕಡ್ಡಿ, ಗೋಡೆಗೆ ಬುದ್ಧನ ಕ್ಯಾಲೆಂಡರು, ಹಲಗೆಯ ಮೇಲೆ ಅಂಚು ಹರಿದ ನಲವತ್ತು ಐವತ್ತು ಪುಸ್ತಕ. ಬೆಳಗ್ಗೆ ನಾಲ್ಕೂವರೆಗೆ ಏಳುತ್ತಾರೆ. ಮೊಪೆಡ್ಡಿನಲ್ಲಿ ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನಲ್ಲಿ ಅವರು ಕೂರಿಸಿದ ರೇಡಿಯೋ ಪೆಟ್ಟಿಗೆಗಳು ಇನ್ನೂರ ಹನ್ನೆರಡು. ಬೇಸಿಗೆಯಲ್ಲಿ ದಿನಕ್ಕೆ ಐದು ಪೆಟ್ಟಿಗೆಯ ರಿಪೇರಿ. ಇನ್ನೂರ ಹನ್ನೆರಡರಲ್ಲಿ ಒಂದರ ಗುಟ್ಟೂ ಅವರಿಗೆ ತಿಳಿಯಬಾರದು ಎಂಬುದು ಕಟ್ಟಳೆ. ಕಟ್ಟಳೆ ಮಾಡಿದವರು ಯಾರು ಎಂದರೆ ನಗುತ್ತಾರೆ. "ಯಾರೂ ಮಾಡ್ಲಿಲ್ಲ. ಮೊದಲ್ನೇ ದಿನ ಒಬ್ರು ತಿರಿಕ್ಕೊ ಅಂದ್ರು, ತಿರಿಕ್ಕಂಡೆ. ಅದೇ ನಡ್ಕಂಡ್ ಬಂತು."

ನಿಜ ಹೇಳಬೇಕೆಂದರೆ ಅದು ಅವರಪ್ಪನ ಕಾಲದಿಂದಲೇ ನಡೆದುಕೊಂಡು ಬಂದದ್ದು. ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವ ಕೆಲಸ. ನೀರು ಮುಟ್ಟಿಸುವವನಿಗೆ ಗದ್ದೆಯಿಲ್ಲ, ಹಂಚುವವನ ಮಾತಿಗೆ ಬೆಲೆಯಿಲ್ಲ. ಒಬ್ಬರ ಪೈರು ಒಣಗಿದರೆ, ಪಕ್ಕದವರ ಹತ್ತಿರ ಏನೋ ಈಸಿಕೊಂಡು ನೀರು ತಿರುಗಿಸಿದ ಎಂಬ ಗುಮಾನಿ ಮೊದಲು ಬೀಳುತ್ತಿದ್ದದ್ದು ಅವನ ಮೇಲೆ.

"ರಿಮೋಟು ಕಂಡುಹಿಡ್ದೋರು ಯಾರು ಅಂತ ನೀವು ಪುಸ್ತಕದಾಗೆ ಉಡುಕ್ತೀರಿ" ಎನ್ನುತ್ತಾರೆ ಚಿಕ್ಕಮಾದು. "ನಮ್ಮೂರ್ನ ಮೊದಲ್ನೇ ರಿಮೋಟು ನಮ್ಮಪ್ಪನೇಯ. ಗೌಡ್ರು ಜಗುಲಿ ಮ್ಯಾಲೆ ಕೂತ್ಕಂಡು ಒಂದ್ ಕೂಗು ಆಕೋರು. ಇವ್ನು ತೂಬಿನ್ ತಾವ ಓಡೋನು. ಗುಂಡಿ ಅವ್ರ ಬಾಯಾಗೆ, ಮೋಟ್ರು ಇವ್ನ್ ಕಾಲಾಗೆ."

ಕೆರೆ ಹೋಗಿ ಬೋರ್‌ವೆಲ್ ಬಂತು. ಕೂಗು ಮಾತ್ರ ಹೋಗಲಿಲ್ಲ. ಮಳೆಯಲ್ಲಿ ಕರೆಂಟು ಬಂದರೆ ಮೋಟರು ಹಾಕಲು ಓಡುತ್ತಿದ್ದವರು ಚಿಕ್ಕಮಾದು ಅವರ ಅಣ್ಣ ದೊಡ್ಡಸಿದ್ದಯ್ಯ. ಒಂದು ದಿನ ಒದ್ದೆ ಕೈಯಲ್ಲಿ ಸ್ಟಾರ್ಟರಿನ ಹಿಡಿ ಮುಟ್ಟಿದರು. ಬಲಗೈಯ ಎರಡು ಬೆರಳು ಸುಟ್ಟು ಹೋದವು. ಕಳಿಸಿದವರು ಆಸ್ಪತ್ರೆಗೆ ಬಂದು ಕೇಳಿದ ಮೊದಲ ಮಾತು, "ಮೋಟ್ರಿಗೇನೂ ಆಗಿಲ್ವೇನ್ಲಾ?"

ಆಗ ಚಿಕ್ಕಮಾದು ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಕಲಿಯುತ್ತಿದ್ದರು. ಭಾನುವಾರ ಯಲಿಯೂರಿನಲ್ಲಿ ಗೆಳೆಯರ ಓದುಕೂಟ. ಒಬ್ಬರು ಓದುವುದು, ಉಳಿದವರು ಅದರ ಮೇಲೆ ಜಗಳವಾಡುವುದು. ರದ್ದಿ ಅಂಗಡಿಯಿಂದ ತಂದ ಒಂದು ವಿಜ್ಞಾನದ ಪುಸ್ತಕದಲ್ಲಿ ಒಂದು ದಿನ ಓದಿದ್ದು ಅವರಿಗೆ ಇವತ್ತಿಗೂ ಬಾಯಿಪಾಠ. ಸಾವಿರದೆಂಟುನೂರ ತೊಂಬತ್ತೈದರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಜಗದೀಶ ಚಂದ್ರ ಬೋಸರು ಒಂದು ಕೋಣೆಯಿಂದ ಕಣ್ಣಿಗೆ ಕಾಣದ ಅಲೆಯೊಂದನ್ನು ಬಿಟ್ಟರು. ಅದು ಗೋಡೆ ದಾಟಿತು. ನಡುವೆ ಕೂತಿದ್ದ ಬ್ರಿಟಿಷ್ ಅಧಿಕಾರಿಯ ಮೈಯನ್ನೂ ದಾಟಿತು. ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದು ಸಿಡಿಸಿತು.

"ದೊರೆ ಮೈಯೊಳ್ಗೇ ತೂರ್ಕಂಡ್ ಓಯ್ತಂತೆ" ಎನ್ನುವಾಗ ಚಿಕ್ಕಮಾದು ಅವರ ಕಣ್ಣು ಮಿನುಗುತ್ತದೆ. "ಮುಟ್ಟುಸ್ಕಬ್ಯಾಡ, ದೂರ ನಿಂತ್ಕೊ ಅನ್ನಾಕಾಗ್ಲಿಲ್ಲ ನೋಡಿ. ಅಲೆಗೆ ಮೈಲಿಗೆ ಇಲ್ಲ. ಅವತ್ತೇ ಅಂದ್ಕಂಡೆ, ಈ ಇದ್ಯೆ ನಮ್ದು ಅಂತ."

ಕಬ್ಬು ಕಡಿಯುವ ಮಚ್ಚನ್ನು ಅರದಲ್ಲಿ ಉಜ್ಜಿದಾಗ ಉದುರಿದ ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ, ಬ್ಯಾಟರಿ, ಗಂಟೆ ಕಟ್ಟಿದರು. ಅಡುಗೆಮನೆಯಿಂದ ಗ್ಯಾಸ್ ಲೈಟರ್ ಚಟ್ ಎನ್ನಿಸಿದರೆ ನಡುಮನೆಯಲ್ಲಿ ಗಂಟೆ ಹೊಡೆದುಕೊಂಡಿತು. ಅಲೆ ತಾಗಿದಾಗ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಕರೆಂಟಿಗೆ ದಾರಿ ಬಿಡುತ್ತವೆ. ದೂರದಿಂದ ಯಂತ್ರ ನಡೆಸುವ ಮೊದಮೊದಲ ಪ್ರಯೋಗಗಳೆಲ್ಲ ಹೆಚ್ಚುಕಡಿಮೆ ಇಂಥ ಪುಡಿಯ ಮೇಲೇ ನಿಂತಿದ್ದವು. ಹೊಸದಾಗಿ ಮದುವೆಯಾಗಿ ಬಂದಿದ್ದ ನಾಗಮಣಿ ಅವತ್ತು ಲೈಟರ್ ಬಿಸಾಕಿ ಹೊರಗೋಡಿದ್ದರು. "ಮನೇಲಿ ಗಾಳಿ ಸೇರ್ಕತು ಅಂದ್ಕಂಡೆ. ಆಮೇಲ್ ನೋಡುದ್ರೆ ನನ್ ಗಂಡನ್ ತಲೇಲಿ ಸೇರ್ಕಂಡಿತ್ತು."

ಆದರೆ ಆ ಪುಡಿಗೆ ಒಂದು ದೋಷವಿತ್ತು. ಗುಡುಗು ಮಿಂಚಿಗೂ ಗಂಟೆ ಹೊಡೆಯಿತು, ಪಕ್ಕದ ಮನೆಯ ಸ್ವಿಚ್ಚಿನ ಕಿಡಿಗೂ ಹೊಡೆಯಿತು. ಕರೆ ಬಂತೆಂದು ಗೊತ್ತಾಗುತ್ತಿತ್ತು, ಕರೆದವರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಈ ವಿದ್ಯೆಯ ಬಾಲ್ಯದ ಕಾಯಿಲೆ ಇದೇ. ಸಾವಿರದೆಂಟುನೂರ ತೊಂಬತ್ತೆಂಟರಲ್ಲಿ ನಿಕೋಲಾ ಟೆಸ್ಲಾ ಎಂಬಾತ ನ್ಯೂಯಾರ್ಕಿನ ಸಭಾಂಗಣವೊಂದರ ಕೊಳದಲ್ಲಿ ಪುಟ್ಟ ಲೋಹದ ದೋಣಿಯನ್ನು ತಂತಿಯಿಲ್ಲದೆ ಓಡಿಸಿ ತೋರಿಸಿದಾಗ, ಒಳಗೆ ಪಳಗಿಸಿದ ಕೋತಿ ಕೂತಿರಬೇಕು ಎಂದು ಕೆಲವರು ಗುಮಾನಿ ಪಟ್ಟರಂತೆ. ಕಣ್ಣಿಗೆ ಕಾಣದ ಕೈಯನ್ನು ಜನ ನಂಬಲಿಲ್ಲ. ಬಲವಿರುವವರ ಕೈಯಲ್ಲಿದ್ದರೆ ಅದು ಪವಾಡ, ಬಲವಿಲ್ಲದವರ ಕೈಯಲ್ಲಿದ್ದರೆ ಕಳ್ಳತನ.

ಚಿಕ್ಕಮಾದು ಅವರ ಮೊದಲ ಪಂಪ್‌ಸೆಟ್ ರಿಮೋಟು ಹುಟ್ಟಿದ್ದು ಮುತ್ತತ್ತಿಯಲ್ಲಿ. ಹೊಳೆದಂಡೆಗೆ ಊಟ ಕಟ್ಟಿಕೊಂಡು ಬಂದ ಯಾರೋ ಮರಳಿನಲ್ಲಿ ಬಿಟ್ಟುಹೋಗಿದ್ದ ಮುರಿದ ಆಟದ ಕಾರನ್ನು ದೊಡ್ಡಸಿದ್ದಯ್ಯ ಎತ್ತಿಕೊಂಡು ಬಂದರು. ಕಾರಿನ ಚಕ್ರ ತಿರುಗಿಸುವ ಕರೆಂಟನ್ನು ಸ್ಟಾರ್ಟರಿಗೆ ತಿರುಗಿಸಿದ್ದಷ್ಟೇ ತಮ್ಮನ ಕೆಲಸ. ಅರವತ್ತು ಹೆಜ್ಜೆ ದೂರದಿಂದ ಮೋಟರು ಗುಂಯ್ ಎಂದಾಗ, ಮೂರು ಬೆರಳಿನ ಅಣ್ಣ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. "ಸಾಕು ಬುಡೋ, ಕಾಯಿಲ್ ಸುಟ್ಟೋಯ್ತದೆ ಅಂತ ನಾನೇ ಕಿತ್ಕಂಡೆ" ಎನ್ನುತ್ತಾರೆ ಚಿಕ್ಕಮಾದು. ನಾನೇ ಮೊದಲಿಗ ಎಂದು ಅವರು ಎಲ್ಲೂ ಹೇಳಿಕೊಂಡಿಲ್ಲ. ಕೇಳಿದರೆ, "ಎಷ್ಟೂರಾಗೆ ಎಷ್ಟ್ ಜನ ಮಾಡವ್ರೋ" ಎಂದು ಮಾತು ತೇಲಿಸುತ್ತಾರೆ.

ಎಂಟು ಸ್ವಿಚ್ಚಿನ ಹಲಗೆ ಆಮೇಲೆ ಬಂತು. ಎಂಟನ್ನು ಇನ್ನೂರ ಐವತ್ತಾರು ರೀತಿಯಲ್ಲಿ ಜೋಡಿಸಬಹುದು. ಯಾರು ಕರೆದರು ಎಂಬ ಹಳೆಯ ಪ್ರಶ್ನೆ ತೀರಿತು ಎಂದುಕೊಂಡರು.

ಈ ವರ್ಷ ಫೆಬ್ರವರಿಯಲ್ಲಿ ಈ ಊರಿನ ಹದಿನಾಲ್ಕು ಪಂಪ್‌ಸೆಟ್ಟಿನವರು ಸೇರಿ ಬೇಡಿಕೆ ಇಟ್ಟರು. ಅಲ್ಲಿಯವರೆಗೆ ರಿಮೋಟು ಒತ್ತಲು ತಂತಮ್ಮ ಗದ್ದೆಯ ಬದುವಿನ ತನಕ ಹೋಗಬೇಕಿತ್ತು. ಈಗ ಮನೆಯಿಂದಲೇ ಆಗಬೇಕು. ಚಿಕ್ಕಮಾದು ಮಾರ್ಚ್ ಪೂರ್ತಿ ಒಂದೊಂದೇ ಪೆಟ್ಟಿಗೆಗೆ ಹೊಸ ಹಲಗೆ, ಉದ್ದನೆಯ ಏರಿಯಲ್ ಹಾಕಿದರು. ಅಲೆ ಒಂದು ಕಿಲೋಮೀಟರು ಹೋಯಿತು. ಹದಿನಾಲ್ಕು ಸಲ ತೋಳು ಮಡಚಿ, ಹದಿನಾಲ್ಕು ಸಲ ಬೆನ್ನು ತಿರುಗಿಸಿ ನಿಂತರು.

ಏಪ್ರಿಲ್ ಕೊನೆಗೆ ಶುರುವಾಯಿತು. ಯಾರೂ ಮುಟ್ಟದ ಮೋಟರು ಓಡುತ್ತದೆ. ಓಡುತ್ತಿದ್ದದ್ದು ನಿಲ್ಲುತ್ತದೆ. ಒಬ್ಬರ ಗದ್ದೆ ಕೆಸರಾಗುತ್ತದೆ, ಇನ್ನೊಬ್ಬರ ಪೈರು ಬಾಡುತ್ತದೆ. ಊರಿನ ಹಿರಿಯರಾದ ಕರಿಯಪ್ಪ ಮನೆಯವರೊಂದಿಗೆ ಮುತ್ತತ್ತಿಯ ಆಂಜನೇಯನಿಗೆ ಹರಕೆ ಒಪ್ಪಿಸಲು ಹೋಗಿದ್ದ ದಿನ ಅವರ ಮೋಟರು ತಾನೇ ಎದ್ದು, ನೀರಿಲ್ಲದ ಬೋರಿನಲ್ಲಿ ಸಂಜೆವರೆಗೆ ಬರಿದೇ ಓಡಿ, ಸುಟ್ಟುಹೋಯಿತು.

ಹಳ್ಳಿಯ ಗುಮಾನಿಗೆ ಸಾಕ್ಷಿ ಬೇಕಿಲ್ಲ, ವಿಳಾಸ ಬೇಕು. ವಿಳಾಸ ಸಿದ್ಧವಿತ್ತು. ಚಿಕ್ಕಮಾದು ಹತ್ತಿರ ಎಲ್ಲಾ ಮೋಟರು ನಡೆಸುವ ಒಂದು ಮಾಸ್ಟರ್ ರಿಮೋಟ್ ಇದೆಯಂತೆ. ಬೇಡದವರ ಗದ್ದೆ ಹಾಳು ಮಾಡುತ್ತಾನೆ, ಬೇಕಾದವರಿಗೆ ನೀರು ಬಿಡುತ್ತಾನೆ. ಅಪ್ಪ ಮಾಡಿದ್ದನ್ನೇ ಮಗ ಮಾಡುತ್ತಿದ್ದಾನೆ. ಮೇ ಮೊದಲ ವಾರ ಅರಳಿಕಟ್ಟೆಗೆ ಕರೆಸಿದರು. ಕಟ್ಟೆಯ ಮೇಲೆ ಹದಿನಾಲ್ಕು ಜನ. ಚಿಕ್ಕಮಾದು ನಿಂತೇ ಇದ್ದರು.

"ಲೇ ಮಾದ, ಸೋಮವಾರದೊಳ್ಗೆ ಆ ರಿಮೋಟು ತಂದು ಈ ಕಟ್ಟೆ ಮ್ಯಾಲೆ ಮಡಗ್ಬೇಕು" ಎಂದರು ಕರಿಯಪ್ಪ. ಇಬ್ಬರಿಗೂ ವಯಸ್ಸಿನಲ್ಲಿ ಮೂರು ವರ್ಷದ ಅಂತರವಷ್ಟೇ.

"ಇಲ್ದೇ ಇರೋದ್ನ ಎಲ್ಲಿಂದ ತರ್ಲಿ ಗೌಡ್ರೆ?"

"ಇಲ್ದೇ ಇದ್ರೆ ನನ್ ಮೋಟ್ರು ಆಂಜನೇಯ ಬಂದು ಒತ್ತುದ್ನಾ?"

ಕಟ್ಟೆಯ ಮೇಲಿದ್ದವರು ನಕ್ಕರು. ತರದಿದ್ದರೆ ಠಾಣೆಗೆ ದೂರು, ಊರ ಗದ್ದೆಗೆ ಕಾಲಿಡುವಂತಿಲ್ಲ ಎಂದು ತೀರ್ಮಾನ. ಅದು ಒಂದು ಊರಿನಲ್ಲೇ ನಿಲ್ಲುವ ಮಾತಲ್ಲ. ಅಂಗೈ ತೋರಿಸಿಯೇ ಅನ್ನ ತಿನ್ನುವ ಮನುಷ್ಯನಿಗೆ ಕಳ್ಳನೆಂಬ ಹೆಸರು ಅಂಟಿತೆಂದರೆ ಮೂರು ತಾಲ್ಲೂಕಿನ ಇನ್ನೂರ ಹನ್ನೆರಡು ಪೆಟ್ಟಿಗೆಗಳೂ ಮುಚ್ಚಿದಂತೆಯೇ.

ಅದೇ ವಾರ ಊರಿಗೆ ಒಂದು ಕಂಪನಿಯ ಮಾರಾಟಗಾರ ಬಂದದ್ದು ಕಾಕತಾಳೀಯವೋ ಏನೋ, ಹೇಳುವುದು ಕಷ್ಟ. ಮೊಬೈಲಿನಿಂದ ಮೋಟರು ಹಾಕುವ ಪೆಟ್ಟಿಗೆ ಅವನದ್ದು. "ಈ ಹಳೇ ರೇಡಿಯೋ ಸೆಟ್ಟುಗಳನ್ನ ಯಾರು ಬೇಕಾದ್ರೂ ಕದೀಬಹುದು ಸಾರ್" ಎಂದು ಹೇಳಿ ಹೋದ. ಇಬ್ಬರು ಹೆಸರು ಬರೆಸಿದರು. ಆ ಕಂಪನಿಯ ಕಂಪ್ಯೂಟರು ಯಾವ ಊರಿನಲ್ಲಿದೆ, ಅಲ್ಲಿ ಕೂತವರಿಗೆ ನಮ್ಮ ಮೋಟರಿನ ಗುಟ್ಟು ಗೊತ್ತಿರುವುದಿಲ್ಲವೇ, ಅವರೂ ಬೆನ್ನು ತಿರುಗಿಸಿ ನಿಲ್ಲುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ಕಾಣದ ಕಂಪನಿಯ ಮೇಲೆ ಕಣ್ಮುಚ್ಚಿ ನಂಬಿಕೆ, ಕಣ್ಣೆದುರಿನ ಮನುಷ್ಯನ ಉಗುರು ಸಂದಿಯ ತಪಾಸಣೆ!

ಚಿಕ್ಕಮಾದು ಅವರಿಗೆ ಕಾರಣ ಆ ಹೊತ್ತಿಗೇ ತಿಳಿದಿತ್ತು. ಯಾರಿಗೂ ಹೇಳಿರಲಿಲ್ಲ, ನಾಗಮಣಿಗೆ ಬಿಟ್ಟು.

ಒಂದು ಬೆಳಗ್ಗೆ ಬದುವಿನ ಮೇಲೆ ಹೋಗುತ್ತಿದ್ದಾಗ ಒಂದೇ ಗಳಿಗೆಯಲ್ಲಿ ಆಸುಪಾಸಿನಲ್ಲೇ ನಾಲ್ಕು ಕಡೆ ಮೋಟರು ಎದ್ದದ್ದು ಕೇಳಿಸಿತ್ತು. ಒಂದು ಗುಂಡಿಗೆ ನಾಲ್ಕು ಮೋಟರು ಏಳಬೇಕಾದರೆ ನಾಲ್ಕರ ಜೋಡಣೆಯೂ ಒಂದೇ ಆಗಿರಬೇಕು. ಇನ್ನೂರ ಐವತ್ತಾರು ದಾರಿ ಇರುವಾಗ, ಟವೆಲಿನೊಳಗೆ ಗುಟ್ಟಾಗಿ ಕೂತವರೆಲ್ಲ ಒಂದೇ ದಾರಿ ಹಿಡಿದದ್ದು ಹೇಗೆ? ಅಲ್ಲೇ ಬದುವಿನ ಮೇಲೆ ಕೂತು ಯೋಚಿಸಿದರು. ಆಗ ಕಣ ನೆನಪಾಯಿತು.

ನಮ್ಮ ಕಡೆ ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ. "ಲಾಭ" ಎಂದು ಕೂಗಿ ಸುರಿಯುತ್ತಾರೆ. ಆಮೇಲೆ ಎರಡು, ಮೂರು. ಕೊನೆಗೆ ರಾಶಿಯನ್ನು ಪೂರ್ತಿ ಬಳಿಯುವುದಿಲ್ಲ, ಬರಿದು ಮಾಡಬಾರದು ಎಂದು ಕಡೆಯದನ್ನು ಉಳಿಸುತ್ತಾರೆ. ಉಳಿದದ್ದು ನೀರುಗಂಟಿಯ ಪಾಲು. ಕಣದ ಅಂಚಿನಲ್ಲಿ ಮಡಿಲು ಒಡ್ಡಿ ನಿಂತ ಅಪ್ಪನ ಪಂಚೆ ಹಿಡಿದುಕೊಂಡು, ಲಾಭದಿಂದ ಕಡೆಯ ಕೊಳಗದವರೆಗೆ ಎಣಿಕೆ ಕೇಳಿಸಿಕೊಂಡು ಬೆಳೆದವರು ಚಿಕ್ಕಮಾದು. ಎಂಟು ಸ್ವಿಚ್ಚು ಕೈಗೆ ಸಿಕ್ಕಾಗ ಈ ಊರಿನ ಒಕ್ಕಲು ಮನಸ್ಸು ಬೇರೆ ಹೇಗೆ ತಾನೇ ಜೋಡಿಸೀತು? ಮೊದಲನೆಯದು ಲಾಭ, ಮೇಲಕ್ಕೆ. ಕಡೆಯದು ಬರಿದಾಗಬಾರದು, ಅದೂ ಮೇಲಕ್ಕೆ. ನಡುವಿನ ಆರು ಕೆಳಗೆ. ಪ್ರತಿಯೊಬ್ಬರಿಗೂ ಇದು ತಮಗೊಬ್ಬರಿಗೇ ಹೊಳೆದ ಗುಟ್ಟು.

ಅಲೆ ಬದುವಿನವರೆಗಷ್ಟೇ ಹೋಗುತ್ತಿದ್ದಾಗ ಇದರಿಂದ ತೊಂದರೆ ಇರಲಿಲ್ಲ. ಏರಿಯಲ್ ಉದ್ದವಾದಾಗ ಒಬ್ಬರ ಕರೆ ಎಲ್ಲರ ಗದ್ದೆಗೂ ಮುಟ್ಟಿತು. "ತೆಪ್ಪು ನಂದೂ ಅದೆ" ಎಂದು ಚಿಕ್ಕಮಾದು ಒಪ್ಪಿಕೊಳ್ಳುತ್ತಾರೆ. "ಏರಿಯಲ್ ಉದ್ದ ಮಾಡೋ ಮುಂಚೆ, ನಂಬ್ರು ಒಂದೇ ಆಗದಂಗೆ ನೋಡ್ಕಬೇಕಿತ್ತು. ನೋಡ್ಬೇಕು ಅಂದ್ರೆ ಅವ್ರು ತೋರುಸ್ಬೇಕಲ್ಲ."

ಹಾಗಾದರೆ ಹೇಳಿಬಿಡಬಹುದಿತ್ತಲ್ಲ? ಪ್ರಶ್ನೆಗೆ ಉತ್ತರ ಕೊಟ್ಟವರು ನಾಗಮಣಿ, ಮುದ್ದೆ ಕಟ್ಟುತ್ತಲೇ.

"ಏನಂತ ಏಳದು? ನಿಮ್ ನಂಬ್ರು ಇದು ಅಂತ್ಲಾ? ಬೆನ್ ತಿರಿಕ್ಕಂಡಿದ್ದೋನ್ಗೆ ಎಂಗ್ ಗೊತ್ತಾಯ್ತು ಅಂತಾರೆ. ಏಳುದ್ರೂ ಕಳ್ಳ, ಏಳ್ದಿದ್ರೂ ಕಳ್ಳ."

ಇಕ್ಕಟ್ಟು ಇದು. ನಿರಪರಾಧಿ ಎಂದು ತೋರಿಸಬೇಕಾದರೆ ಗುಟ್ಟು ಗೊತ್ತೆಂದು ಒಪ್ಪಬೇಕು. ಗುಟ್ಟು ಗೊತ್ತೆಂದು ಒಪ್ಪಿದರೆ ಅಪರಾಧಿ. ಯಾರನ್ನು ಅನುಮಾನದಲ್ಲೇ ಇಟ್ಟುಕೊಳ್ಳಬೇಕೋ ಅವರಿಗೆಂದೇ ಹೊಲಿದ ಅಂಗಿ ಇದು. ಯಾವ ಕಡೆಯಿಂದ ತೊಟ್ಟರೂ ಹೊಂದುತ್ತದೆ.

ಸೋಮವಾರ ಬೆಳಗ್ಗೆ ಆರಕ್ಕೆ, ಕರೆಂಟು ಬರುವ ಹೊತ್ತಿಗೆ, ಚಿಕ್ಕಮಾದು ಅರಳಿಕಟ್ಟೆಗೆ ಬರುತ್ತಾರೆ. ಮಾಸ್ಟರ್ ರಿಮೋಟ್ ತಂದಿಲ್ಲ. ಉಪಕರಣದ ಚೀಲ, ಮೊಬೈಲು, ಮೊಪೆಡ್ಡಿನ ಕೀಲಿಕೈ ಮೂರನ್ನೂ ಕಟ್ಟೆಯ ಕೊನೆಯಲ್ಲಿ ಕೂತ ದೇವಿರಮ್ಮನ ಮುಂದಿಡುತ್ತಾರೆ. ದೇವಿರಮ್ಮ ಕರಿಯಪ್ಪನವರ ತಾಯಿ, ಯತೀಶ್‌ಗೆ ಅಜ್ಜಿ. ಎಂಬತ್ತನಾಲ್ಕು ವರ್ಷ.

"ಅವ್ವ, ಇವು ನಿಮ್ ತಾವ ಇರ್ಲಿ. ಗೌಡ್ರೆ, ಒಂದೊಂದ್ ಮೋಟ್ರು ತಾವ ಮನೆಯೋರೊಬ್ರು ನಿಂತ್ಕಳ್ಲಿ, ಕೈಲಿ ಮೊಬೈಲು ಇರ್ಲಿ. ಇಲ್ಲಿ ಒಬ್ಬೊಬ್ರೇ ನಿಮ್ ನಿಮ್ ರಿಮೋಟು ಒತ್ತಿ. ನಾನು ಆ ಕಡೆ ತಿರಿಕ್ಕಂಡಿರ್ತೀನಿ."

ಈ ಸಲ ಯಾರೂ ಹೇಳುವ ಮೊದಲೇ ಅವರು ರಸ್ತೆಯ ಕಡೆ ತಿರುಗಿ ನಿಲ್ಲುತ್ತಾರೆ.

ಮೊದಲು ಯತೀಶ್ ಒತ್ತುತ್ತಾರೆ. ಒಂದು ಕ್ಷಣ. ಅವರ ಮೊಬೈಲು ಹೊಡೆದುಕೊಳ್ಳುತ್ತದೆ. "ಓಡ್ತು." ಪಕ್ಕದವರ ಮೊಬೈಲು. "ನಮ್ದೂ ಎದ್ದದೆ." ಅದರ ಪಕ್ಕದವರದು. ಐದು, ಆರು, ಏಳು. ಹೊಸ ಕಾಯಿಲ್ ಸುತ್ತಿಸಿದ ಕರಿಯಪ್ಪನವರ ಮೋಟರೂ ಎದ್ದಿದೆ. ಒಟ್ಟು ಒಂಬತ್ತು. ಎಲ್ಲ ನಿಲ್ಲಿಸಿ, ಕರಿಯಪ್ಪ ಒತ್ತುತ್ತಾರೆ. ಅವೇ ಒಂಬತ್ತು.

ಕರಿಯಪ್ಪ ರಿಮೋಟನ್ನು ಕಟ್ಟೆಯ ಮೇಲೆ ಕುಕ್ಕಿದರು.

"ಯಾವನ್ಲಾ ಅವ್ನು ನನ್ ನಂಬ್ರು ಕದ್ದೋನು?"

"ನಿಮ್ದನ್ ಯಾರ್ ಕದ್ದಾರು? ನೀವೇ ನಂದ್ ನೋಡಿರ್ಬೇಕು ದೊಡ್ಡಪ್ಪ" ಎಂದು ಯತೀಶ್ ಎದ್ದು ನಿಂತರು.

"ಬದು ಒತ್ತಿದ್ ಜನ, ನಂಬ್ರು ಬುಟ್ಟಾರಾ?" ಹಿಂದಿನಿಂದ ಇನ್ನೊಬ್ಬರು.

"ಯಾರ್ಲಾ ಬದು ಒತ್ತಿರೋನು? ಅಳೆಸ್ಲಾ, ಈಗ್ಲೇ ಅಳೆಸು!"

ಒಂದು ವಾರದಿಂದ ಒಬ್ಬನ ಮೇಲಿದ್ದ ಗುಮಾನಿ ಒಂಬತ್ತು ಪಾಲಾಗಿ, ಪಾಲುದಾರರೆಲ್ಲ ಪಂಚೆ ಎತ್ತಿ ಕಟ್ಟಿದರು. ಚಿಕ್ಕಮಾದು ತಿರುಗಿ ನೋಡಲಿಲ್ಲ. ಅವರ ಹೆಗಲು ಮಾತ್ರ ಸಣ್ಣಗೆ ಕುಲುಕುತ್ತಿತ್ತು. ಅಳುವೋ ನಗುವೋ, ಬೆನ್ನ ಹಿಂದಿನಿಂದ ಹೇಳಲಾಗುವುದಿಲ್ಲ.

"ಥೂ, ಬಾಯ್ ಮುಚ್ಕಳ್ರುಲಾ" ಎಂದರು ದೇವಿರಮ್ಮ. "ಯತೀಸ ಬಂದು ಕೇಳ್ದ, ಅಜ್ಜಿ, ಎಂಟು ಗುಂಡಿ ಅವೆ, ಎಂಗ್ ಮಡಗ್ಲಿ ಅಂತ. ಲಾಬ ಮ್ಯಾಕ್ ಮಡಗು, ಕಡೇದ್ನ ಬರಿದ್ ಮಾಡ್ಬ್ಯಾಡ ಅಂದೆ. ಮತ್ತಿನ್ನೆಂಗೆ ಮಡಗ್ತಾರೆ? ನೀವೆಂಗ್ ಮಡಗಿದ್ರಿ, ಬೊಗಳಿ."

ಒಬ್ಬರು ಅಂಗಿ ಜೇಬನ್ನು ಅದುಮಿಕೊಂಡರು. ಇನ್ನೊಬ್ಬರು ಎಲೆಯಡಿಕೆ ಉಗಿಯಲು ಎದ್ದು ಹೋದರು. ಗುಂಡಿಗೆ ಏಳದೆ ಉಳಿದ ಐದು ಮೋಟರು ಯಾರವು ಎಂದು ನೋಡಿದರೆ, ಎಲ್ಲ ಇಪ್ಪತ್ತರ ಆಸುಪಾಸಿನವರವು. ಅಜ್ಜಿಯನ್ನೂ ಕೇಳದವರು, ಕಣವೆಂದರೆ ಟಾರು ರಸ್ತೆ ಎಂದೇ ತಿಳಿದು ಬೆಳೆದವರು.

ಕ್ಷಮೆ ಕೇಳುತ್ತಾರೆ ಎಂದು ಕಾದರೆ ಅದು ನಮ್ಮ ತಪ್ಪು. ಕರಿಯಪ್ಪ ಕೇಳಿದ್ದು ಬೇರೆ. "ಲೇ ಮಾದ, ಈ ಕಡೆ ತಿರುಗ್ಲಾ. ನಿಂಗಿದು ಮೊದ್ಲೇ ಗೊತ್ತಿತ್ತಾ?"

ನಾಗಮಣಿ ಹೆದರಿದ್ದ ಪ್ರಶ್ನೆ. ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಮಾದು ತಿರುಗಿದರು.

"ಗೊತ್ತಿತ್ತು ಗೌಡ್ರೆ."

"ಎಂಗೆ?"

"ನಿಮ್ಮಪ್ಪಾರು ಲಾಬ ಅಂತ ಕೂಗೋವಾಗ ನಮ್ಮಪ್ಪ ಮಡ್ಲು ಒಡ್ಕಂಡು ಕಣದ ಅಂಚ್ನಾಗೆ ನಿಂತಿರೋನು. ನಾನು ಅವನ್ ಪಕ್ಕದಾಗಿರ್ತಿದ್ದೆ. ಕಡೇದು ನಮಗ್ ಬರ್ಬೇಕಿತ್ತು. ಅಳೆಯೋರು ಲೆಕ್ಕ ಮರೆತಾರು. ಕಾಯ್ಕಂಡ್ ನಿಂತೋನು ಮರೆಯಾಕಿಲ್ಲ."

ದೇವಿರಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, "ಕೂತ್ಕೊ ಮಾದ, ಎಷ್ಟೊತ್ತು ನಿಂತಿದ್ದೀಯ" ಎಂದರು. ಚಿಕ್ಕಮಾದು ಕೂರಲಿಲ್ಲ. ಚೀಲ ತೆಗೆದುಕೊಂಡರು.

ಹೊಸ ನಂಬರು ಕೊಡುವ ದಾರಿಯನ್ನೂ ಅವರೇ ಹೇಳಿದರು. ಹದಿನಾಲ್ಕು ಚೀಟಿಯಲ್ಲಿ ಹದಿನಾಲ್ಕು ಬೇರೆ ಬೇರೆ ಜೋಡಣೆ ಬರೆದು, ಮಡಚಿ, ದೇವಿರಮ್ಮನ ಮನೆಯ ಅಟ್ಟದಿಂದ ಇಳಿಸಿದ ಹಳೆಯ ಕೊಳಗದಲ್ಲಿ ಹಾಕಿ ಕುಲುಕಿದರು. ಒಬ್ಬೊಬ್ಬರು ಒಂದೊಂದು ಎತ್ತಿಕೊಂಡರು. ಯಾವ ಚೀಟಿ ಯಾರ ಕೈಗೆ ಹೋಯಿತೋ ಬರೆದವರಿಗೆ ಗೊತ್ತಿಲ್ಲ. ಒಂದು ಕಾಲದಲ್ಲಿ ಚಿಕ್ಕಮಾದು ಅವರ ಅಪ್ಪ ಮುಟ್ಟುವಂತಿರಲಿಲ್ಲ ಆ ಕೊಳಗವನ್ನು. ಚೀಟಿ ಮುಗಿದ ಮೇಲೆ ಅದನ್ನು ಬೋರಲು ಹಾಕಿ, ತಟ್ಟಿ, ಖಾಲಿ ಎಂದು ತೋರಿಸಿದರು. ಆದರೂ ಕಟ್ಟೆ ಇಳಿಯುವಾಗ ಯಾರೋ ಅಂದರು, "ಎಂಗಿದ್ರೂ ಇವ್ನ್ ಮ್ಯಾಲೆ ಒಂದ್ ಕಣ್ಣಿರ್ಲಿ." ಕಂಪನಿಯ ಪೆಟ್ಟಿಗೆಗೆ ಹೆಸರು ಬರೆಸಿದ ಇಬ್ಬರು ಹೆಸರು ಹಿಂದೆ ತೆಗೆದುಕೊಂಡಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಅದೇ ಕಬ್ಬಿನ ಗದ್ದೆ, ಅದೇ ಕಲ್ಲುಕಂಬ. ಚಿಕ್ಕಮಾದು ತೋಳು ಮಡಚಿ ಅಂಗೈ ತೋರಿಸುತ್ತಾರೆ. ಯತೀಶ್ ಈ ಸಲ ಬಗ್ಗಿ ನೋಡುವುದಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಬದುವಿನ ಮೇಲೆ ಎಸೆಯುತ್ತಾರೆ. ಚೀಟಿಯನ್ನು ಮುಂದೆ ಚಾಚುತ್ತಾರೆ.

"ಬುಡು ಮಾದಣ್ಣ. ನೀನೇ ಆಕ್ಬುಡು."

ಇದನ್ನು ಕೇಳಬೇಕೆಂದೇ ಮೂವತ್ತು ವರ್ಷ ಕಾದಿರಬೇಕು ಈ ಮನುಷ್ಯ ಎಂದು ನೋಡುವವರಿಗೆ ಅನ್ನಿಸುತ್ತದೆ. ಚಿಕ್ಕಮಾದು ಚೀಟಿ ಮುಟ್ಟುವುದಿಲ್ಲ.

"ಬ್ಯಾಡ ಕಣಪ್ಪ. ಇವತ್ ನಂಬಿದ್ದೀಯ, ಸಂತೋಸ. ನಾಳಿಕ್ ಮೋಟ್ರು ಕೆಟ್ರೆ ನಿಂಗೇ ಗುಮಾನಿ ಬತ್ತದೆ. ಆಗ ನನ್ ಕಡೆ ಮಾತಾಡೋರು ಯಾರವ್ರೆ? ನಂಗಿರೋ ಸಾಕ್ಸಿ ಈ ಬೆನ್ ಒಂದೇಯ. ಅದ್ನ ಕಳ್ಕಳಕಿಲ್ಲ."

ಎದ್ದು ತೆಂಗಿನಮರದ ಕಡೆ ತಿರುಗುತ್ತಾರೆ. ಯತೀಶ್ ಟವೆಲಿಲ್ಲದೆ, ಬಿಸಿಲಿಗೆ ತೆರೆದುಕೊಂಡು ಎಂಟು ಸ್ವಿಚ್ಚು ಜೋಡಿಸುತ್ತಾರೆ. ರಿಮೋಟಿನ ಮುಚ್ಚಳ ಹಾಕಿ, ಗುಂಡಿ ಒತ್ತುತ್ತಾರೆ. ಮೋಟರು ಗುಂಯ್ ಎಂದು ಏಳುತ್ತದೆ, ಕೊಳವೆ ಎರಡು ಸಲ ಕೆಮ್ಮಿ ನೀರು ಕಾರುತ್ತದೆ. ಚಿಕ್ಕಮಾದು ಬೆನ್ನು ತಿರುಗಿಸಿಕೊಂಡೇ, ಕಣ್ಣು ಮುಚ್ಚಿ, ಸುತ್ತಲ ಗದ್ದೆಗಳ ಕಡೆ ಕಿವಿ ಕೊಡುತ್ತಾರೆ. ಎಡಕ್ಕೆ. ಬಲಕ್ಕೆ. ಆಚೆ ಕರಿಯಪ್ಪನವರ ಬೋರಿನ ಕಡೆ. ಇದೊಂದು ಬಿಟ್ಟರೆ ಎಲ್ಲೂ ಸದ್ದಿಲ್ಲ.

"ಎಷ್ಟ್ ಓಡ್ತಾ ಅವೆ ಮಾದಣ್ಣ?" ಎಂದು ಯತೀಶ್ ಕೇಳುತ್ತಾರೆ.

"ಲಾಬ" ಎನ್ನುತ್ತಾರೆ ಚಿಕ್ಕಮಾದು.